ಆ ಡೇವಿಸ್ ಬೇರೆ, ಈ ಡೇವಿಸ್ ಬೇರೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದ 1959ರ ಫುಟ್‌ಬಾಲ್ ತಂಡದ ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಗೆ, ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು. ಸರ್ಕಾರಿ ಪ್ರೌಢಶಾಲೆಯಲ್ಲಿ 31 ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ಸ್ಕೋರ್ ಬುಕ್ಕಿನಲ್ಲಿ ತಪ್ಪು ಕಂಡರೆ ಈಗಲೂ ನಿದ್ದೆ ಹತ್ತುವುದಿಲ್ಲ.

ಬರಹದ ಜೊತೆಗೆ ದುಂಡು ಚೆಂಡಿನ ಚಿತ್ರ ಹಾಕಿದ್ದನ್ನು ಬಿಟ್ಟುಬಿಡುತ್ತೇನೆ. ಅಮೆರಿಕದವರು ಫುಟ್‌ಬಾಲ್ ಅನ್ನುವುದು ಸಿಪ್ಪೆ ಸುಲಿಯದ ತೆಂಗಿನಕಾಯಿಯಂಥ ಚೆಂಡಿನ ಆಟ, ಅದು ಕಾಲಿಗಿಂತ ಕಂಕುಳಲ್ಲೇ ಹೆಚ್ಚು ಹೊತ್ತು ಇರುತ್ತದೆ. ನನ್ನ ತಕರಾರು ಬೇರೆ. ಆ ತಂಡದಲ್ಲಿ ಚೆಂಡು ಹಿಡಿದು ಓಡುತ್ತಿದ್ದ ಎರ್ನಿ ಡೇವಿಸ್ 1959ರಲ್ಲೇ ಅಖಿಲ ಅಮೆರಿಕ ತಂಡಕ್ಕೆ (ದೇಶದ ಅತ್ಯುತ್ತಮ ಕಾಲೇಜು ಆಟಗಾರರ ಗೌರವ ಪಟ್ಟಿ ಅದು) ಆಯ್ಕೆಯಾದರು, ಅದೇ ವರ್ಷ ಹೈಸ್‌ಮನ್ ಟ್ರೋಫಿಯನ್ನೂ ಪಡೆದರು ಎಂದು ನಿಮ್ಮವರು ಬರೆದಿದ್ದಾರೆ. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಆ ಹೈಸ್‌ಮನ್ ಬಂದದ್ದು 1961ರಲ್ಲಿ. ಅದನ್ನು ಪಡೆದ ಮೊದಲ ಕಪ್ಪು ಆಟಗಾರ ಅವರು, ಅಷ್ಟು ಸರಿ. ಆದರೆ 1959ರಲ್ಲಿ ಎರ್ನಿ ಇನ್ನೂ ಎರಡನೇ ವರ್ಷದ ಹುಡುಗ. ಆ ವರ್ಷ ಅಖಿಲ ಅಮೆರಿಕ ತಂಡಕ್ಕೆ ಆಯ್ಕೆಯಾದ ಡೇವಿಸ್ ಬೇರೆಯವರು. ಹೆಸರು ರೋಜರ್ ಡೇವಿಸ್. ಚೆಂಡು ಹಿಡಿದು ಓಡುವವರಲ್ಲ, ಓಡುವವನಿಗೆ ದಾರಿ ಬಿಡಿಸಿಕೊಡುವ ಗಾರ್ಡ್.

ನನಗೆ ಇದು ಹೇಗೆ ಗೊತ್ತು ಅಂದರೆ, ಮಗಳು ಕೆಲಸದ ಮೇಲೆ ಸಿರಾಕ್ಯೂಸಿನಲ್ಲಿದ್ದಾಗ ಒಂದು ಚಳಿಗಾಲ ಅವಳ ಮನೆಯಲ್ಲಿದ್ದೆ. ಹಿಮ ಬಿತ್ತೆಂದರೆ ಮೊಣಕಾಲುದ್ದ. ವಾಕಿಂಗ್ ಅಂದರೆ ಗೇಟಿನಿಂದ ಪಕ್ಕದ ಮನೆಯ ಗೇಟಿನವರೆಗೆ ಅಷ್ಟೇ. ಆ ಪಕ್ಕದ ಮನೆಯ ಯಜಮಾನರು ಹುಡುಗನಾಗಿದ್ದಾಗ ಹಳೆಯ ಆರ್ಚ್‌ಬೋಲ್ಡ್ ಕ್ರೀಡಾಂಗಣದಲ್ಲಿ ಕೂತು ಆ ತಂಡದ ಆಟ ನೋಡಿದವರು. ಆ ಕ್ರೀಡಾಂಗಣ ಈಗಿಲ್ಲ, ಕೆಡವಿ 1980ರಲ್ಲಿ ಅದೇ ಜಾಗದಲ್ಲಿ ಗುಮ್ಮಟದ ಕ್ರೀಡಾಂಗಣ ಎಬ್ಬಿಸಿದ್ದಾರೆ. ನಾನು ಎರ್ನಿ ಡೇವಿಸ್ ಹೆಸರು ಎತ್ತಿದೆ. ಅವರು ತಲೆ ಆಡಿಸಿ, ಊರುಗೋಲಿನಿಂದ ಹಿಮದ ಮೇಲೆ ಸಾಲಾಗಿ ಏಳು ಸೊನ್ನೆ ಬರೆದರು. ಮೊದಲು ಇವರನ್ನು ತಿಳಿದುಕೊಳ್ಳಿ ಅಂದರು. ಓಡುವವನ ಮುಂದೆ ಗೋಡೆಯಂತೆ ನಿಲ್ಲುವ ಆ ಸಾಲಿಗೆ ಅಲ್ಲಿಯವರು ‘ಸೈಜಬಲ್ ಸೆವೆನ್’ ಅಂತ ಹೆಸರಿಟ್ಟಿದ್ದರು. ಭಾರಿ ಆಳುಗಳ ಏಳು ಮಂದಿ ಅನ್ನಿ.

ನಾನು ಅವರ ಕೋಲು ಇಸಕೊಂಡು ಪಕ್ಕದಲ್ಲೇ ಇನ್ನೇಳು ಸೊನ್ನೆ ಬರೆದು ಕಬಡ್ಡಿ ವಿವರಿಸಿದೆ. ಮೂಲೆಯಲ್ಲಿ ಕಾರ್ನರ್, ಪಕ್ಕದಲ್ಲಿ ಇನ್, ಕವರ್, ಕೈ ಹಿಡಿದು ಚೈನ್. ರೈಡ್ ಹೋಗಿ ಬಂದವನಿಗೆ ಶಿಳ್ಳೆ, ಚೈನ್ ಬಿಡದೆ ನಿಂತವನಿಗೆ ಮೊಣಕೈ ತರಚುಗಾಯ. ಅವರಿಗೆ ತಕ್ಷಣ ಅರ್ಥವಾಯಿತು. ಇಬ್ಬರು ಮುದುಕರು ಹಿಮದಲ್ಲಿ ಸೊನ್ನೆ ಬರೆಯುತ್ತಾ ನಿಂತದ್ದನ್ನು ಕಿಟಕಿಯಿಂದ ನೋಡಿ ಮಗಳು ಬೈದಳು.

ಆಮೇಲೆ ಲೈಬ್ರರಿಯಲ್ಲಿ ಕೂತು ಅಂಕಿ ತೆಗೆದೆ. ಹತ್ತು ಪಂದ್ಯ, ಹತ್ತೂ ಗೆಲುವು. ಇವರು ಹೊಡೆದದ್ದು 390 ಅಂಕ, ಬಿಟ್ಟುಕೊಟ್ಟದ್ದು 59. ಐದು ತಂಡಗಳಿಗೆ ಒಂದು ಅಂಕವೂ ದಕ್ಕಲಿಲ್ಲ. ಕೋಲ್ಗೇಟ್ ತಂಡವನ್ನು 71–0ರಲ್ಲಿ ಸೋಲಿಸಿದರು. ಆದರೆ ನಾನು ಕಣ್ಣುಜ್ಜಿಕೊಂಡು ಓದಿದ ಅಂಕಿ ಬೇರೆ. ಎದುರಾಳಿಗಳು ಚೆಂಡು ಹಿಡಿದು ಓಡಿ ಇವರ ಮೇಲೆ ಗಳಿಸಿದ್ದು ಪಂದ್ಯಕ್ಕೆ ಸರಾಸರಿ 19.3 ಗಜ. ನೂರು ಗಜದ ಮೈದಾನದಲ್ಲಿ, ಅರವತ್ತು ನಿಮಿಷ ಮತ್ತೆ ಮತ್ತೆ ನುಗ್ಗಿ, ಒಟ್ಟು ಮುಂದೆ ಹೋದದ್ದು ಒಂದು ಕಬಡ್ಡಿ ಅಂಕಣದ ಉದ್ದ ದಾಟಿ ನಾಲ್ಕೈದು ಹೆಜ್ಜೆ! ಆಗಿನ ನಿಯಮದಲ್ಲಿ ಆಟಗಾರರನ್ನು ಬೇಕೆಂದಾಗ ಬದಲಿಸುವಂತಿರಲಿಲ್ಲ. ದಾರಿ ಬಿಡಿಸಿದವನೇ ತಿರುಗಿ ನಿಂತು ದಾರಿ ಕಟ್ಟಬೇಕು. ಎರ್ನಿ ಆ ವರ್ಷ 98 ಓಟಗಳಲ್ಲಿ 686 ಗಜ ಗಳಿಸಿದರು. ಒಂದು ಓಟಕ್ಕೆ ಏಳು ಗಜ. ಆ ಹುಡುಗನ ಕಾಲಿನ ಬಲವನ್ನು ನಾನು ಕಡಿಮೆ ಮಾಡುತ್ತಿಲ್ಲ. ಮುಂದೆ ಏಳು ಜನ ಇದ್ದರು ಅನ್ನುತ್ತಿದ್ದೇನೆ.

71–0 ನನಗೆ ರುಚಿಸಲಿಲ್ಲ. ಅಂಥ ಪಂದ್ಯದಲ್ಲಿ ಕೋಚ್ ಕಲಿಯುವುದೇನೂ ಇರುವುದಿಲ್ಲ. ಪೆನ್ ಸ್ಟೇಟ್ ವಿರುದ್ಧದ 20–18 ಇದೆಯಲ್ಲ, ಅದು ಪಂದ್ಯ. 20–6 ಮುಂದಿದ್ದವರ ಮೇಲೆ ಎದುರಾಳಿಯೊಬ್ಬ, ಆಟ ಮತ್ತೆ ಶುರುಮಾಡಲು ಒದ್ದ ಕಿಕ್‌ಆಫ್ ಚೆಂಡನ್ನು ಹಿಡಿದು ಮೈದಾನದ ಈ ತುದಿಯಿಂದ ಆ ತುದಿಗೆ ಓಡಿಬಿಟ್ಟ. ಆಮೇಲೆ ಇವರು ದೂರಕ್ಕೆ ಒದೆಯಲು ಹೊರಟ ಒಂದು ಚೆಂಡನ್ನು (ಪಂಟ್ ಅನ್ನುತ್ತಾರೆ) ತಡೆದು ಇನ್ನೊಂದು ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಆರು ಅಂಕ. ಮೂರು ಟಚ್‌ಡೌನ್ ಹೊಡೆದೂ, ಪ್ರತಿ ಸಲ ಅದರ ಮೇಲೆ ಸಿಗುವ ಅವಕಾಶದ ಹೆಚ್ಚುವರಿ ಅಂಕ ಒಮ್ಮೆಯೂ ದಕ್ಕದ್ದರಿಂದ ಪೆನ್ ಸ್ಟೇಟ್ ಎರಡು ಅಂಕ ಹಿಂದೆ ಉಳಿಯಿತು. ಕೊನೆಯ ನಿಮಿಷಗಳಲ್ಲಿ ಸಿರಾಕ್ಯೂಸ್ ಚೆಂಡನ್ನು ಬಿಟ್ಟುಕೊಡದೆ ಇಂಚಿಂಚಾಗಿ ಮುಂದೆ ಸಾಗಿ ಹೊತ್ತು ಕಳೆಯಿತು. ಲೀಡ್ ಇರುವ ತಂಡ ಕೊನೆಯಲ್ಲಿ ಖಾಲಿ ರೈಡ್ ಮಾಡುವ ಹಾಗೆ. ಜನ ಬೈಯುತ್ತಾರೆ, ಕೋಚ್ ಮನಸ್ಸಿನಲ್ಲೇ ಕೈಮುಗಿಯುತ್ತಾನೆ. ಇವರ ಕೋಚ್ ಬೆನ್ ಶ್ವಾರ್ಟ್ಸ್‌ವಾಲ್ಡರ್, ಯುದ್ಧದಲ್ಲಿ ನಾರ್ಮಂಡಿಯಲ್ಲಿ ಪ್ಯಾರಾಶೂಟ್ ಕಟ್ಟಿ ಹಾರಿದ ಮನುಷ್ಯ.

ಇನ್ನೊಂದು ತಿದ್ದುಪಡಿ. ಡಲ್ಲಾಸ್‌ನ ಕಾಟನ್ ಬೌಲ್ (ಋತುವಿನ ಹತ್ತು ಪಂದ್ಯ ಮುಗಿದ ಮೇಲೆ ಆಡಿದ ವಿಶೇಷ ಪಂದ್ಯ) ಗೆದ್ದು ಚಾಂಪಿಯನ್ ಆದರು ಎಂದಿದ್ದೀರಿ. ಆ ಕಾಲದಲ್ಲಿ ಪಟ್ಟವನ್ನು ಮತ ಹಾಕಿ ಕೊಡುತ್ತಿದ್ದರು, ಅದೂ ಡಿಸೆಂಬರಿನಲ್ಲೇ. ಫೈನಲ್ ಆಡದೆ ಚಾಂಪಿಯನ್ ಆರಿಸುವ ಪದ್ಧತಿ ನನಗಂತೂ ವಿಚಿತ್ರ, ಆದರೆ ನಡೆದದ್ದು ಹಾಗೆ. 1960ರ ಜನವರಿ 1ರಂದು ಟೆಕ್ಸಾಸ್ ವಿರುದ್ಧ ಆಡಲಿಳಿಯುವಾಗಲೇ ಇವರು ಚಾಂಪಿಯನ್ನರು. ತೊಡೆಯ ಸ್ನಾಯು ಎಳೆದುಕೊಂಡಿದ್ದ ಎರ್ನಿ ಆಟದ ಆರಂಭದಲ್ಲೇ ಜೊತೆಗಾರ ಗೆರ್ ಶ್ವೆಡೆಸ್ ಎಸೆದ ಚೆಂಡು ಹಿಡಿದು 87 ಗಜದ ಟಚ್‌ಡೌನ್ ಮಾಡಿದರು. 23–14ರ ಗೆಲುವು.

ಎದುರಿಗಿದ್ದ ಟೆಕ್ಸಾಸ್ ತಂಡದಲ್ಲಿ ಬಿಳಿಯರಷ್ಟೇ. ಇವರಲ್ಲಿ ಎರ್ನಿ, ಜಾನ್ ಬ್ರೌನ್, ಆರ್ಟ್ ಬೇಕರ್ ಮೂವರು ಕಪ್ಪು ಆಟಗಾರರು. ಪಂದ್ಯಶ್ರೇಷ್ಠ ಎರ್ನಿಗೂ ಉಳಿದಿಬ್ಬರಿಗೂ ಬಹುಮಾನದ ಔತಣದಲ್ಲಿ ಹೆಚ್ಚು ಹೊತ್ತು ಇರುವ ಹಾಗಿರಲಿಲ್ಲ, ಪ್ರಶಸ್ತಿ ತೆಗೆದುಕೊಂಡು ಹೊರಡಬೇಕು. ಇಡೀ ತಂಡ ಎದ್ದು ಹೊರನಡೆಯಿತು ಎಂದು ನಿಮ್ಮವರು ಖಡಾಖಂಡಿತ ಬರೆದಿದ್ದಾರೆ. ಎಲ್ಲರೂ ಎದ್ದು ಹೋಗೋಣ ಎಂಬ ಮಾತು ತಂಡದೊಳಗೆ ಬಂದದ್ದು ಹೌದು. ಆಮೇಲೆ ಏನಾಯಿತು ಎಂಬುದನ್ನು ಅಲ್ಲಿದ್ದವರೇ ಒಬ್ಬೊಬ್ಬರು ಒಂದೊಂದು ಥರ ಹೇಳಿದ್ದಾರೆ. ಸಿನಿಮಾದ ಹಾಗೆ ಮುಗಿಸುವ ಆಸೆ ಎಲ್ಲರಿಗೂ ಇರುತ್ತದೆ.

ತಪ್ಪು ಆಗುತ್ತದೆ, ಸ್ವಾಮಿ. 2008ರಲ್ಲಿ ಆ ವಿಶ್ವವಿದ್ಯಾಲಯದಲ್ಲೇ ಎರ್ನಿಯ ಪ್ರತಿಮೆ ನಿಲ್ಲಿಸಿದಾಗ ಕಾಲಿಗೆ ನೈಕಿ ಗುರುತಿನ ಬೂಟು ತೊಡಿಸಿದ್ದರು. ಎರ್ನಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡದ್ದು 1963ರ ಮೇ 18ರಂದು, 23ನೇ ವಯಸ್ಸಿನಲ್ಲಿ. ಆ ಗುರುತು ಹುಟ್ಟಿದ್ದೇ 1971ರಲ್ಲಿ. ಜನ ತೋರಿಸಿಕೊಟ್ಟ ಮೇಲೆ ಅವರು ತಿದ್ದಲು ಒಪ್ಪಿದರು. ನೀವೂ ತಿದ್ದುತ್ತೀರಿ ಎಂದು ನಂಬಿದ್ದೇನೆ.

ಜಾಗ ಸಾಲದಿದ್ದರೆ ನನ್ನ ಪತ್ರವನ್ನು ಎಲ್ಲಿ ಬೇಕಾದರೂ ಕತ್ತರಿಸಿ. ಹಿಮದ ಮೇಲಿನ ಆ ಏಳು ಸೊನ್ನೆಗಳ ಹೆಸರು ಮಾತ್ರ ಬಿಡಬೇಡಿ: ಫ್ರೆಡ್ ಮೌಟಿನೊ, ಮೋರಿ ಯೂಮನ್ಸ್, ರೋಜರ್ ಡೇವಿಸ್, ಆಲ್ ಬೆಮಿಲ್ಲರ್, ಬ್ರೂಸ್ ಟಾರ್‌ಬಾಕ್ಸ್, ಬಾಬ್ ಯೇಟ್ಸ್, ಜೆರ್ರಿ ಸ್ಕೊನಿಯೆಚ್ಕಿ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಮಂಡ್ಯ