ಮೊದಲ ಸಲ ಸ್ಕೂಬಾಗೆ ಇಳಿಯುವವರ ಗಮನಕ್ಕೆ

ಶನಿವಾರ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮೊದಲ ಸಲ ನೀರಿಗಿಳಿಯುವವರು ಇದನ್ನೊಮ್ಮೆ ಓದಿಬಿಡಿ. ಶೀತವಾಗಿ ಮೂಗು ಕಟ್ಟಿದ್ದರೆ ಈ ಸಲ ಬೇಡ, ಸಂಕೋಚವಿಲ್ಲದೆ ಹೇಳಿ.

ಒಂದೆರಡು ಮೀಟರ್ ಇಳಿಯುತ್ತಿದ್ದಂತೆ ಕಿವಿ ಒತ್ತಿದ ಹಾಗಾಗುತ್ತದೆ. ನೋವು ಶುರುವಾಗುವ ಮೊದಲೇ ಮೂಗು ಹಿಡಿದು ಮೂಗಿನಲ್ಲೇ ಮೆಲ್ಲಗೆ ಊದಿ, ಪಟ್ ಅಂತ ಬಿಡುತ್ತದೆ. ಬಿಡದಿದ್ದರೆ ಸ್ವಲ್ಪ ಮೇಲೆ ಬಂದು ಮತ್ತೆ ಊದಿ. ಜಾಸ್ತಿ ಜೋರು ಬೇಡ.

ಉಸಿರು ಮಾತ್ರ ಹಿಡಿಯಲೇಬೇಡಿ. ಮೇಲೆ ಬರುವಾಗ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಬಾಯಲ್ಲೇ ಉಸಿರಾಡುವುದು ಮೊದಲೆರಡು ನಿಮಿಷ ವಿಚಿತ್ರ ಅನ್ನಿಸುತ್ತದೆ. ನಾನಂತೂ ತರಬೇತುದಾರರ ಕೈ ಬಿಟ್ಟಿರಲಿಲ್ಲ! ಆಮೇಲೆ ಗುಳುಗುಳು ಸದ್ದೊಂದೇ.

ನೀರೊಳಗೆ ಕೈಸನ್ನೆಯೇ ಮಾತು: ಹೆಬ್ಬೆರಳು ಎತ್ತಿದರೆ ‘ಸೂಪರ್’ ಅಂತಲ್ಲ, ‘ಮೇಲೆ ಹೋಗೋಣ’ ಅಂತ. ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ಓಕೆ.

ಡೈವ್ ಆದ ಮೇಲೆ 18 ಗಂಟೆ ವಿಮಾನ ಹತ್ತಬೇಡಿ. ಟಿಕೆಟ್ ನೋಡಿಕೊಳ್ಳಿ.