ಬ್ರಹ್ಮಗಿರಿಯಲ್ಲಿ ಶಾಸನದಾಚೆಗೂ ಒಂದು ದಾರಿ ಬೇಕು

ಮಾನ್ಯ ಸಂಪಾದಕರೇ,

ಮೊಳಕಾಲ್ಮೂರು ಎಂದೊಡನೆ ರೇಷ್ಮೆ ಸೀರೆಯನ್ನು ನೆನೆಯುವವರೇ ಹೆಚ್ಚು. ಅದೇ ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗುವವರಲ್ಲಿ ಬಹುಪಾಲು ಜನ ಊರವರು ‘ಅಕ್ಷರ ಗುಂಡು’ ಎಂದು ಕರೆಯುತ್ತಿದ್ದ ಬಂಡೆಯ ಮೇಲಿನ ಅಶೋಕನ ಶಾಸನವನ್ನು ನೋಡಿ, ಫೋಟೊ ತೆಗೆದುಕೊಂಡು ಮರಳುತ್ತಾರೆ. ಕಳೆದ ಭಾನುವಾರದವರೆಗೆ ನಾನೂ ಅವರಲ್ಲೊಬ್ಬನಾಗಿದ್ದೆ. ಅಂದು ಸ್ನೇಹಿತರೊಡನೆ ಶಾಸನವನ್ನು ದಾಟಿ ಗುಡ್ಡದ ಬುಡದುದ್ದಕ್ಕೂ ಎರಡು ಗಂಟೆ ನಡೆದಾಗ ಕಂಡದ್ದನ್ನು ತಮ್ಮ ಓದುಗರ ಗಮನಕ್ಕೆ ತರಬೇಕೆನಿಸಿತು.

ಶಾಸನತಜ್ಞ ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಈ ಶಾಸನದಲ್ಲಿ ಇಸಿಲ ಎಂಬ ಊರಿನ ಮಹಾಮಾತ್ರರ, ಅಂದರೆ ಅಶೋಕನ ಹಿರಿಯ ಅಧಿಕಾರಿಗಳ ಉಲ್ಲೇಖವಿದೆ. ಆದರೆ ಶಾಸನ ಕೊರೆಯುವ ಹೊತ್ತಿಗೇ ಈ ನೆಲ ಬಹಳ ಹಳೆಯ ನೆಲೆಯಾಗಿತ್ತು. ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು ಮೊದಲು ಅಗೆಸಿದ ಇಲ್ಲಿ, 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿ, ನಯಗೊಳಿಸಿದ ಕಲ್ಲುಕೊಡಲಿಗಳ ನವಶಿಲಾಯುಗದ ಜನ, ಕಬ್ಬಿಣ ಬಳಸಿ ಬೃಹತ್ ಶಿಲಾಗೋರಿಗಳನ್ನು ಕಟ್ಟಿದ ಜನ, ಅವರ ನಂತರದ ಶಾತವಾಹನರ ಕಾಲ ಎಂದು ಮೂರು ಹಂತಗಳನ್ನು ಗುರುತಿಸಿದರು. ಮೊದಲಿನವರು ತೀರಿಹೋದ ಶಿಶುಗಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರೆಂಬುದನ್ನು ಓದಿದ್ದೆ. ಆ ಇಳಿಜಾರಿನಲ್ಲೇ ನಿಂತು ನೆನೆದಾಗ ನಮ್ಮಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಕಾಲವನ್ನು ವೀಲರ್ ಸುಮಾರು ಕ್ರಿ.ಪೂ. 1000ದಿಂದ ಎಣಿಸಿದ್ದರೂ, ದಕ್ಷಿಣದ ಇತರ ನವಶಿಲಾಯುಗದ ನೆಲೆಗಳ ಇಂಗಾಲ ಕಾಲಮಾಪನ (ಹಳೆಯ ವಸ್ತುಗಳಲ್ಲಿ ಉಳಿದ ಇಂಗಾಲದಿಂದ ವಯಸ್ಸು ಅಳೆಯುವ ವಿಧಾನ) ಆ ಸಂಸ್ಕೃತಿಯನ್ನು ಕ್ರಿ.ಪೂ. 2000ಕ್ಕೂ ಹಿಂದಕ್ಕೆ ಒಯ್ದಿದೆ.

ಏಳು ಸುತ್ತಿನ ಕೋಟೆಯ ಊರಿನವರಾದ ನಮಗೆ ರಕ್ಷಣೆ ಎಂದರೆ ಬುರುಜು, ಬತೇರಿಗಳೇ ಕಣ್ಣಿಗೆ ಬರುತ್ತವೆ. ಇಲ್ಲಿ ಬೆನ್ನಿಗೆ ನೂರಾರು ಅಡಿ ಎತ್ತರದ ಗುಂಡುಕಲ್ಲುಗಳ ರಾಶಿ, ಅದರ ಸಂದುಗೊಂದುಗಳಲ್ಲಿ ಅಡಗಲು ಜಾಗ, ಎದುರಿಗೆ ಬರುವವರನ್ನು ದೂರದಿಂದಲೇ ಕಾಣಬಹುದಾದ ಬಯಲು. ಗುಡ್ಡವೇ ಅವರಿಗೆ ಕೋಟೆಯಾಗಿದ್ದಿರಬೇಕೆಂಬುದು ನನ್ನ ಊಹೆ; ಇತಿಹಾಸ ಬಲ್ಲವರು ತಿದ್ದಿದರೆ ಸಂತೋಷ.

ಬೇಸರದ ಸಂಗತಿಯೆಂದರೆ, ನಾವು ನಡೆದ ದಾರಿಯಲ್ಲಿ ವಾಸದ ನೆಲೆ ಯಾವುದು, ಗೋರಿಗಳು ಯಾವುವು ಎಂದು ತಿಳಿಸುವ ಒಂದು ಫಲಕವೂ ನಮಗೆ ಕಾಣಲಿಲ್ಲ. ನಾಡಿನ ಹಲವೆಡೆ ‘ಮೋರೇರ ಮನೆ’, ‘ಪಾಂಡವರ ಗುಡಿ’ ಎಂದು ಕರೆಯುವ ಇಂಥ ಗೋರಿಗಳ ಪೈಕಿ ನಾವು ಕಂಡ ಒಂದು ಕಲ್ಲುವೃತ್ತದಲ್ಲಿ (ಗೋರಿಯ ಸುತ್ತ ದುಂಡಗೆ ನಿಲ್ಲಿಸಿದ ಕಲ್ಲುಗಳ ಸಾಲು) ಅರ್ಧದಷ್ಟು ಕಲ್ಲುಗಳೇ ಇರಲಿಲ್ಲ. ಅಂಥವೇ ಕಲ್ಲುಗಳು ಪಕ್ಕದ ಹೊಲದ ಬದುವಿನಲ್ಲಿದ್ದವು. ಇದು ಗೋರಿಯೆಂದು ಹೇಳುವವರೇ ಇಲ್ಲದಾಗ ರೈತರನ್ನು ದೂರುವುದು ನ್ಯಾಯವಲ್ಲ.

ಶಾಸನದಿಂದ ವಾಸದ ನೆಲೆಗೆ, ಅಲ್ಲಿಂದ ಕಲ್ಲುವೃತ್ತಗಳಿಗೆ ಒಂದು ಕಾಲುದಾರಿಯನ್ನು ಗುರುತಿಸಿ, ಕನ್ನಡದಲ್ಲಿ ನಾಲ್ಕಾರು ಫಲಕಗಳನ್ನು ನೆಟ್ಟು, ಉಳಿದ ವೃತ್ತಗಳ ಸುತ್ತ ಗಡಿಕಲ್ಲು ಹಾಕಿಸಬೇಕೆಂದು ಸಂಬಂಧಪಟ್ಟವರಲ್ಲಿ ಕೋರುತ್ತೇನೆ. ದಾವಣಗೆರೆ, ಚಿತ್ರದುರ್ಗದ ಶಾಲೆಗಳು ಒನಕೆ ಓಬವ್ವನ ಕಿಂಡಿ ತೋರಿಸಲು ಮಕ್ಕಳನ್ನು ಕರೆತರುವ ಪ್ರವಾಸಕ್ಕೆ ಇನ್ನೊಂದು ದಿನ ಸೇರಿಸಿ ಇಲ್ಲಿಗೂ ಬರಲಿ. ಬಿಸಿಲೇರುವ ಮುನ್ನ ನಡೆಯಬೇಕು, ನೀರನ್ನು ಜೊತೆಗೇ ಒಯ್ಯಬೇಕು. ನಮ್ಮ ಬಾಟಲಿಗಳು ಅರ್ಧ ದಾರಿಯಲ್ಲೇ ಬರಿದಾಗಿದ್ದವು.

ಇಂತಿ,
ಓರ್ವ ಓದುಗ, ಚಿತ್ರದುರ್ಗ