ಹಳೇ ಇವಿ (ಎಲೆಕ್ಟ್ರಿಕ್ ಗಾಡಿ) ಬ್ಯಾಟರಿ: ಭಾನುವಾರ ಕಲಬುರಗಿಯ ಜಗತ್ ಸರ್ಕಲ್ ಹತ್ತಿರ

ಎಲ್ಲರಿಗೂ ಶರಣು.

ಎಲೆಕ್ಟ್ರಿಕ್ ಸ್ಕೂಟರ್, ಆಟೋ ಇರುವವರು ದಯವಿಟ್ಟು ಪೂರ್ತಿ ಓದಿ. ಈ ಭಾನುವಾರ ಬೆಳಿಗ್ಗೆ 8ರಿಂದ 11ರವರೆಗೆ ಜಗತ್ ಸರ್ಕಲ್ ಹತ್ತಿರ ಹಳೇ ಲಿಥಿಯಂ ಬ್ಯಾಟರಿ ಪರೀಕ್ಷೆ ಇಟ್ಟುಕೊಂಡಿದ್ದೇವೆ. ಬಿಸಿಲು ಏರುವ ಮುಂಚೆ ಮುಗಿಸೋಣ.

ಹೋದ ತಿಂಗಳು ನಮ್ಮವರೊಬ್ಬರು ಬ್ಯಾಟರಿಯನ್ನು ಗುಜರಿಗೆ ಹಾಕಿದರು. ಅಲ್ಲಿ ಸುತ್ತಿಗೆಯಿಂದ ಒಡೆದಾಗ ಬೆಂಕಿ ಹತ್ತಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಗಾಡಿ ಓಡಿಸಲು ಸಾಕಾಗದ ಬ್ಯಾಟರಿ ಪೂರ್ತಿ ಸತ್ತಿದೆ ಅಂತಲ್ಲ. ಸಾಮಾನ್ಯವಾಗಿ ಮೊದಲಿನ ಶಕ್ತಿಯ ಶೇ. 70–80ರಷ್ಟು ಉಳಿದಾಗ ಅದನ್ನು ಗಾಡಿಯಿಂದ ತೆಗೆಯುತ್ತಾರೆ. ಸೆಲ್‌ಗಳು ಗಟ್ಟಿಯಿದ್ದರೆ ಸೋಲಾರ್ ದೀಪಕ್ಕೋ ಅಂಗಡಿಯ ಯುಪಿಎಸ್‌ಗೋ ಇನ್ನೂ ಕೆಲವು ವರ್ಷ ದುಡಿಯುತ್ತದೆ. ಅದೂ ಆಗದಿದ್ದರೆ ಒಳಗಿನ ತಾಮ್ರ, ಅಲ್ಯೂಮಿನಿಯಂ, ಲಿಥಿಯಂ, ಕೆಲವದರಲ್ಲಿ ನಿಕ್ಕಲ್, ಕೋಬಾಲ್ಟ್ ಕೂಡ ವಾಪಸ್ ತೆಗೆಯಬಹುದು. ಸುಮ್ನೆ ಮಣ್ಣುಪಾಲು ಮಾಡುವುದೇಕೆ? 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದೇ. ಹೂಳುವಂತಿಲ್ಲ, ಸುಡುವಂತಿಲ್ಲ. ಹಾಗಾಗಿ ಖರೀದಿ ಬಿಲ್ ಜೊತೆಗಿರಲಿ, ಷೋರೂಮಿನವರನ್ನು ಕೇಳಲು ಬೇಕಾಗುತ್ತದೆ.

ತರುವಾಗ ಟರ್ಮಿನಲ್‌ಗೆ (ವೈರ್ ಜೋಡಿಸುವ ಲೋಹದ ತುದಿಗೆ) ಇನ್ಸುಲೇಷನ್ ಟೇಪ್ ಸುತ್ತಿ. ಒದ್ದೆಯಾಗದಂತೆ, ಬೀಳದಂತೆ ತನ್ನಿ. ಬಿಚ್ಚಲು ಹೋಗಬೇಡಿ.

ಬ್ಯಾಟರಿ ಉಬ್ಬಿದ್ದರೆ, ಸೋರಿದ್ದರೆ ಅಥವಾ ವಾಸನೆ ಬರುತ್ತಿದ್ದರೆ ತರಲೇಬೇಡಿ. ಚಾರ್ಜ್ ಕೂಡ ಹಾಕಬೇಡಿ. ಇಲ್ಲಿ ತಿಳಿಸಿ, ಏನು ಮಾಡಬೇಕೆಂದು ಮೆಕ್ಯಾನಿಕ್ ಅಣ್ಣನೇ ಫೋನ್ ಮಾಡಿ ಹೇಳುತ್ತಾರೆ.

ಬರುವವರು ಗಾಡಿ ಯಾವುದು, ಬ್ಯಾಟರಿ ಎಷ್ಟು ವರ್ಷದ್ದು ಅಂತ ಶುಕ್ರವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ. ಶಹಾಬಾದ್ ಕಡೆಯವರೆಲ್ಲ ಒಂದು ಗಾಡಿಯಲ್ಲಿ, ಆಳಂದ ಕಡೆಯವರೆಲ್ಲ ಇನ್ನೊಂದು ಗಾಡಿಯಲ್ಲಿ ಬಂದರೆ ಒಳ್ಳೆಯದು, ಅಲ್ವಾ?